ಯಾರದೋ ಮನೆಗೆ ಹೋಗು ಅಂತ ಮನಸ್ಸಿಗೆ ಬಂದರೆ?

ಪ್ರಶ್ನೆ: ನಮ್ಮ ಸಭೆಯ ಹಿರಿಯ ಸಹೋದರಿಯೊಬ್ಬರು ಗಂಡ ತೀರಿಕೊಂಡ ಮೇಲೆ ಆರಾಧನೆಗೆ ಬರೋದೇ ಅಪರೂಪ. ಪ್ರಾರ್ಥನೆಗೆ ಕೂತಾಗಲೆಲ್ಲ ಅವರ ಮುಖ ಕಣ್ಣ ಮುಂದೆ ಬರುತ್ತೆ. ಇದು ಪವಿತ್ರಾತ್ಮನ ಪ್ರೇರಣೆಯೋ, ನನ್ನದೇ ಯೋಚನೆಯೋ? ಹೋದರೆ ಅವರಿಗೆ ಮುಜುಗರ ಆಗಲ್ವಾ?

ಉತ್ತರ: ಬೈಬಲಿನ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ಓದಿ. ದಮಸ್ಕದಲ್ಲಿದ್ದ ಅನನೀಯ ಅನ್ನೋ ಶಿಷ್ಯನಿಗೆ ಕರ್ತನು ಬೀದಿ, ಮನೆ ಎಲ್ಲ ತಿಳಿಸಿ, ವಿಶ್ವಾಸಿಗಳನ್ನು ಹಿಂಸಿಸ್ತಿದ್ದ ಸೌಲನ ಹತ್ತಿರ ಹೋಗು ಅಂದಾಗ ಅವನೂ ಹಿಂಜರಿದ, ಆಮೇಲೆ ಹೋದ. ನಿಮ್ಮ ವಿಷಯದಲ್ಲಿ ಬೇರೆ ಗುರುತೇ ಬೇಡ. ವಿಧವೆಯರನ್ನು ಕಷ್ಟದಲ್ಲಿ ವಿಚಾರಿಸಬೇಕು ಅಂತ ಯಾಕೋಬ 1:27ರಲ್ಲೇ ಇದೆ.

ಉತ್ತರ: ನಾನೂ ಗಂಡನನ್ನು ಕಳಕೊಂಡವಳು. ಮೊದಮೊದಲು ಮನೆ ತುಂಬ ಜನ, ಆಮೇಲೆ ಯಾರೂ ಇಲ್ಲ. ಆಗ ಸಭೆಯ ಒಬ್ಬ ಸಹೋದರಿ ಫೋನ್ ಮಾಡಿ, "ಸಂಜೆ ಬರ್ಲಾ? ಸ್ವಲ್ಪ ಹೊತ್ತು ಕೂತು ಹೋಗ್ತೀನಿ" ಅಂದ್ರು. ಬಂದವರು ಉಪದೇಶ ಮಾಡಲಿಲ್ಲ, ಸಭೆಗೆ ಯಾಕೆ ಬರ್ತಿಲ್ಲ ಅಂತಲೂ ಕೇಳಲಿಲ್ಲ. ಬಾಗಿಲ ಹಿಂದೆ ಇನ್ನೂ ನೇತಾಡ್ತಿದ್ದ ಅಂಗಿ ನೋಡಿ, "ಅವರ ಬಗ್ಗೆ ಹೇಳಿ" ಅಂದ್ರು. ಅವರ ಹೆಸರನ್ನ ಬಾಯ್ತುಂಬ ಹೇಳಿ ಎಷ್ಟು ಕಾಲ ಆಗಿತ್ತೋ! ಖಂಡಿತ ಹೋಗಿ. ಫೋನ್ ಮಾಡಿ ಹೋಗಿ. ಇವತ್ತು ಬೇಡ ಅಂದರೆ ಮುಂದಿನ ವಾರ ಮತ್ತೆ ಕೇಳಿ.

ಪ್ರಶ್ನೆ ಕೇಳಿದವರು: ಈಗಷ್ಟೇ ಫೋನ್ ಮಾಡಿದೆ, ನಾಳೆ ಬನ್ನಿ ಅಂದರು. ಪ್ರಾರ್ಥನೆ ಮಾಡಿ ಬರಬಹುದಾ ಅಕ್ಕ?

ಉತ್ತರ: ಹೊರಡೋ ಮುಂಚೆ ಕೇಳಿ ನೋಡಿ. ಹೂಂ ಅಂದರೆ ಚಿಕ್ಕದಾಗಿ ಮಾಡಿ, ಅವರ ಯಜಮಾನರ ಹೆಸರೂ ಹೇಳಿ.