ಏಳನೇ ತಿಂಗಳು, ತೂಕ ಜಾಸ್ತಿ, ನಿದ್ದೆ ಮಾತ್ರ ಇಲ್ಲ

ಬಾಗಲಕೋಟೆ ಹುಡುಗಿ: ಮೊದಲಿಂದಲೂ ನನ್ನ ಮೈ ದಪ್ಪ. ಕುಬಸ ಮುಗಿಸಿ ತವರಿಗೆ ಬಂದಿದ್ದೇನೆ, ಅವ್ವ "ಎರಡು ಜೀವ, ತಿನ್ನು" ಅಂತ ತುಪ್ಪ ಸುರಿದ ಮಾದಲಿ, ಅಮೀನಗಡದ ಕರದಂಟು ಕೊಡುತ್ತಲೇ ಇದ್ದಾಳೆ. ರಾತ್ರಿ ಎದೆಯುರಿ, ಗೊರಕೆ, ಸುಮ್ನೆ ಹೊರಳಾಟ. ರಾತ್ರಿ ಊಟ ಬಿಟ್ಟುಬಿಡಲಾ?

ರೊಟ್ಟಿ ಬುತ್ತಿ: ಬೇಡ ತಂಗಿ, ಬಸುರಿ ಇದ್ದಾಗ ತೂಕ ಇಳಿಸೋಕೆ ಹೋಗಬಾರದು. ಬಸುರಿ ಆಗೋ ಮೊದಲೇ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನೋ ಲೆಕ್ಕ) 25ರಿಂದ 29.9 ಇದ್ದವರಿಗೆ ಒಟ್ಟು 7ರಿಂದ 11.5 ಕೆಜಿ ಏರಿದರೆ ಸಾಕು. ರೊಟ್ಟಿ, ಕಾಳುಪಲ್ಯ ಬೇಗ ಉಂಡು, ಎರಡು ತಾಸು ಬಿಟ್ಟು ಮಲಗಿ.

ವಿಜಯಪುರದ ಅಕ್ಕ: ಗೊರಕೆ ಹಗುರವಾಗಿ ತಗೋಬೇಡಿ. ನಡುವೆ ಉಸಿರು ನಿಂತು ದಡಕ್ಕನೆ ಎಚ್ಚರ ಆಗುತ್ತಾ ಅಂತ ಅವ್ವನ್ನ ಕೇಳಿ. ಹೌದು ಅಂದರೆ ಡಾಕ್ಟರಿಗೆ ಹೇಳಿ, ಬಿಪಿ, ಶುಗರ್ ನೋಡಿಸಿ. 28 ವಾರದ ಮೇಲೆ ಅಂಗಾತ ಬೇಡ, ಮಗ್ಗುಲಾಗಿ ಮಲಗಿ, ಮೊಣಕಾಲ ನಡುವೆ ದಿಂಬು. ನಿದ್ದೆ ಮಾತ್ರೆ ಕೇಳದೆ ನುಂಗಬೇಡಿ.