ತೂಕ ಇಳಿಸಲು ದಿನಕ್ಕೆ ಎಷ್ಟು ಪ್ರೋಟೀನ್, ಎಷ್ಟು ಕೊಬ್ಬು, ಎಷ್ಟು ಕಾರ್ಬ್? ಆಹಾರ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 38 ವರ್ಷ. ಎತ್ತರ 160 ಸೆಂ.ಮೀ., ತೂಕ 78 ಕೆಜಿ. ಕೂತು ಮಾಡುವ ಕೆಲಸ, ಸಂಜೆ ಅರ್ಧ ಗಂಟೆ ನಡೆಯುತ್ತೇನೆ. ಕಾಯಿಲೆ, ಮಾತ್ರೆ ಏನೂ ಇಲ್ಲ. ಫೋನಿನ ಆ್ಯಪ್‌ನಲ್ಲಿ ವಾರಕ್ಕೆ 1 ಕೆಜಿ ಇಳಿಸಬೇಕು ಅಂತ ಹಾಕಿದೆ. ಅದು 1200 ಕ್ಯಾಲೊರಿ, 150 ಗ್ರಾಂ ಪ್ರೋಟೀನ್, 40 ಗ್ರಾಂ ಕೊಬ್ಬು, 60 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಅನ್ನ, ರೊಟ್ಟಿ, ಸಕ್ಕರೆಯಲ್ಲಿರುವ ಪಿಷ್ಟ, ಸಿಹಿ ಅಂಶ) ಅಂತ ತೋರಿಸಿತು. ಒಂದು ವಾರವೂ ನಡೆಸಲು ಆಗಲಿಲ್ಲ. ಪ್ರೋಟೀನ್ ಅರ್ಧಕ್ಕೂ ಮುಟ್ಟಲಿಲ್ಲ, ರಾತ್ರಿ ಹಸಿವು ತಡೆಯಲಾಗದೆ ಸಿಕ್ಕಿದ್ದೆಲ್ಲ ತಿಂದೆ. ನನ್ನಲ್ಲಿ ಶಿಸ್ತು ಇಲ್ಲವಾ, ಇಲ್ಲಾ ಈ ಲೆಕ್ಕವೇ ಸರಿ ಇಲ್ಲವಾ?

ಉತ್ತರ: ನಮಸ್ಕಾರ. ಲೆಕ್ಕ ಸರಿ ಇಲ್ಲ. ನಿಮ್ಮ ಶಿಸ್ತಿನ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದೇ ಅಂಕಿಗಳನ್ನು ಹಿಡಿದುಕೊಂಡು ನನ್ನ ಹತ್ತಿರ ಬರುವವರು ತುಂಬಾ ಜನ.

ಮೊದಲು ನಿಮ್ಮ ದೇಹದ ಖರ್ಚು ಎಷ್ಟು ಅಂತ ನೋಡೋಣ. 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನು ನಾವು ಈಗಲೂ ಬಳಸುತ್ತೇವೆ. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಲ್ಲಿ ವಯಸ್ಸಿನ 5 ಪಟ್ಟು ಕಳೆಯಬೇಕು. ಹೆಂಗಸರಿಗೆ ಇನ್ನೂ 161 ಕಳೆಯಬೇಕು, ಗಂಡಸರಿಗೆ 5 ಸೇರಿಸಬೇಕು. ನಿಮಗೆ 780 + 1000 − 190 − 161, ಅಂದರೆ 1429 ಕ್ಯಾಲೊರಿ. ಇದು ಸುಮ್ನೆ ಮಲಗಿದ್ದರೂ ದೇಹಕ್ಕೆ ಬೇಕಾದದ್ದು. ಕೂತು ಮಾಡುವ ಕೆಲಸ, ಜೊತೆಗೆ ಸ್ವಲ್ಪ ನಡಿಗೆ ಸೇರಿಸಿದರೆ ದಿನದ ಒಟ್ಟು ಖರ್ಚು 1715ರಿಂದ 1965ರ ನಡುವೆ ಬರುತ್ತದೆ. ನಾವು 1850 ಅಂತ ಇಟ್ಟುಕೊಳ್ಳೋಣ.

ಈಗ ವಾರಕ್ಕೆ 1 ಕೆಜಿ ಅನ್ನುವ ಗುರಿ ನೋಡಿ. ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ವಾರಕ್ಕೆ ಅಷ್ಟು ಕರಗಬೇಕಾದರೆ ದಿನಕ್ಕೆ 1100 ಕಡಿಮೆ ತಿನ್ನಬೇಕು. 1850ರಲ್ಲಿ 1100 ಕಳೆದರೆ ಉಳಿಯುವುದು 750. ಅದಕ್ಕಿಂತ ಮೊದಲೇ ಆ್ಯಪ್ 1200ರಲ್ಲಿ ನಿಂತಿದೆ, ಅಷ್ಟೇ. 1200 ತಿಂದರೂ ವಾರಕ್ಕೆ 1 ಕೆಜಿ ಇಳಿಯುವುದಿಲ್ಲ, ಹಸಿವು ಮಾತ್ರ ಪೂರ್ತಿ ಇರುತ್ತದೆ. 110 ಕೆಜಿ ತೂಕದ, ಎತ್ತರದ ಗಂಡಸಿಗೆ ಹೊಂದಬಹುದಾದ ಗುರಿ ನಿಮಗೆ ಹೊಂದುವುದಿಲ್ಲ.

ನಾನು ನಿಮಗೆ 1500 ಕ್ಯಾಲೊರಿ ಇಡುತ್ತೇನೆ. ದಿನಕ್ಕೆ 350 ಕಡಿಮೆ ಆಯಿತು. ಇದರಿಂದ ವಾರಕ್ಕೆ ಸುಮಾರು 300 ಗ್ರಾಂ, ತಿಂಗಳಿಗೆ ಒಂದೂಕಾಲು ಕೆಜಿ ಇಳಿಯಬಹುದು. ಕೇಳಲು ಕಡಿಮೆ ಅನಿಸುತ್ತದೆ, ಗೊತ್ತು. ಆದರೆ ನಿಮ್ಮ ತೂಕದ ಶೇ. 5, ಅಂದರೆ 4 ಕೆಜಿಯಷ್ಟು ಇಳಿದು ಅಲ್ಲೇ ನಿಂತರೂ ರಕ್ತದೊತ್ತಡ, ಸಕ್ಕರೆ, ರಕ್ತದ ಕೊಬ್ಬು ಸುಧಾರಿಸಲು ಶುರುವಾಗುತ್ತದೆ.

ಇನ್ನು ಹಂಚಿಕೆ. ಇದರಲ್ಲಿ ಒಂದು ಕ್ರಮ ಇದೆ, ಅದನ್ನು ತಪ್ಪಿಸಬೇಡಿ. ಮೊದಲು ಪ್ರೋಟೀನ್ ಎಷ್ಟು ಬೇಕು ಅಂತ ಗ್ರಾಂನಲ್ಲಿ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಕೊಬ್ಬಿಗೆ ಇದಕ್ಕಿಂತ ಕೆಳಗೆ ಇಳಿಯಬಾರದು ಅನ್ನುವ ಮಿತಿ ಇಡಿ. ಉಳಿದ ಕ್ಯಾಲೊರಿ ಕಾರ್ಬ್‌ಗೆ ಬಿಡಿ. ಶೇ. 40, ಶೇ. 30, ಶೇ. 30 ಅಂತ ಹಂಚುವ ರೂಢಿ ನನಗೆ ಇಷ್ಟವಿಲ್ಲ. ಊಟ ಕಡಿಮೆ ಮಾಡಿದಾಗ ಶೇಕಡಾ ಲೆಕ್ಕದ ಪ್ರೋಟೀನೂ ತಾನಾಗಿ ಕುಗ್ಗುತ್ತದೆ. ಆದರೆ ಸ್ನಾಯು ಉಳಿಸಿಕೊಳ್ಳಲು ದೇಹಕ್ಕೆ ಆಗಲೇ ಅದು ಜಾಸ್ತಿ ಬೇಕು.

ಆರೋಗ್ಯವಂತರಿಗೆ ಕೊರತೆ ಆಗದಿರಲು ಒಂದು ಕೆಜಿ ತೂಕಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ತೂಕ ಇಳಿಸುವವರಿಗೆ 1.2ರಿಂದ 1.6 ಗ್ರಾಂ ಇಟ್ಟರೆ ಸ್ನಾಯು ಕರಗುವುದು ಕಡಿಮೆ, ಹೊಟ್ಟೆ ತುಂಬಿದ ಭಾವನೆಯೂ ಹೆಚ್ಚು ಹೊತ್ತು ಇರುತ್ತದೆ. ಪ್ರೋಟೀನ್ ಅರಗಿಸಲು ದೇಹ ಅದರದೇ ಶಕ್ತಿಯ ಶೇ. 20ರಿಂದ 30 ಖರ್ಚು ಮಾಡುತ್ತದೆ. ಕಾರ್ಬ್‌ಗೆ ಈ ಖರ್ಚು ಶೇ. 5ರಿಂದ 10, ಕೊಬ್ಬಿಗೆ ಹೆಚ್ಚೆಂದರೆ ಶೇ. 3.

ಆದರೆ ಯಾವ ತೂಕಕ್ಕೆ ಗುಣಿಸಬೇಕು? ಬೊಜ್ಜಿಗೆ ಅಷ್ಟು ಪ್ರೋಟೀನ್ ಬೇಕಿಲ್ಲ. ಹಾಗಾಗಿ ತೂಕ ತುಂಬಾ ಜಾಸ್ತಿ ಇರುವವರಿಗೆ ನಾನು ಅವರ ಎತ್ತರಕ್ಕೆ ಸರಿಯಾದ ತೂಕದಿಂದ ಗುಣಿಸುತ್ತೇನೆ. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆಗೆ ಬಿಎಂಐ ಅನ್ನುತ್ತಾರೆ. ನಿಮ್ಮ ಎತ್ತರಕ್ಕೆ ಬಿಎಂಐ 25 ಅಂದರೆ 64 ಕೆಜಿ. ಅದಕ್ಕೆ 1.4 ಲೆಕ್ಕದಲ್ಲಿ ಸುಮಾರು 90 ಗ್ರಾಂ ಬರುತ್ತದೆ. ಆ್ಯಪ್ ಹೇಳಿದ 150 ನಿಮಗೆ ಬೇಕಾಗಿಯೇ ಇಲ್ಲ.

ಕೊಬ್ಬು 50 ಗ್ರಾಂ ಇರಲಿ. ಅದು ಒಟ್ಟು ಕ್ಯಾಲೊರಿಯ ಶೇ. 30. ಶೇ. 20ಕ್ಕಿಂತ ಕೆಳಗೆ ಹೋಗುವುದು ನನಗೆ ಒಪ್ಪಿಗೆ ಇಲ್ಲ. ದೇಹ ತಾನಾಗಿ ಮಾಡಿಕೊಳ್ಳಲಾಗದ ಎರಡು ಕೊಬ್ಬಿನಾಮ್ಲಗಳು ಊಟದಿಂದಲೇ ಬರಬೇಕು. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಲೂ ಕೊಬ್ಬು ಬೇಕು.

ಈಗ ಕಳೆಯುವ ಲೆಕ್ಕ. ಪ್ರೋಟೀನ್, ಕಾರ್ಬ್ ಗ್ರಾಂಗೆ 4 ಕ್ಯಾಲೊರಿ, ಕೊಬ್ಬು 9. ಪ್ರೋಟೀನ್‌ಗೆ 360, ಕೊಬ್ಬಿಗೆ 450, ಒಟ್ಟು 810. 1500ರಲ್ಲಿ ಉಳಿಯುವುದು 690, ಅಂದರೆ ಸುಮಾರು 170 ಗ್ರಾಂ ಕಾರ್ಬ್. ಆ್ಯಪ್ ಕೊಟ್ಟಿದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು! ಇದರಲ್ಲಿ ನಾರಿನಂಶ 25 ಗ್ರಾಂ ಹತ್ತಿರ ಇರುವಂತೆ ನೋಡಿಕೊಳ್ಳಿ. ತರಕಾರಿ, ಕಾಳು, ಇಡೀ ಧಾನ್ಯ, ಹಣ್ಣು ತಿಂದರೆ ಅದು ಬರುತ್ತದೆ.

ಈ ಅಂಕಿಗಳನ್ನು ಗೆರೆ ಎಳೆದಂತೆ ಪಾಲಿಸಬೇಕಿಲ್ಲ. ಪ್ರೋಟೀನ್ 80ರಿಂದ 100, ಕೊಬ್ಬು 45ರಿಂದ 55, ಕಾರ್ಬ್ 150ರಿಂದ 190. ಇಷ್ಟರೊಳಗೆ ಎಲ್ಲೇ ಇದ್ದರೂ ಆ ದಿನ ಸರಿಯಾಗಿದೆ ಅಂತಲೇ ಅರ್ಥ.

ಇನ್ನೊಂದು ಮಾತು. ನಾಳೆಯಿಂದಲೇ 90 ಗ್ರಾಂ ಅಂತ ಹೊರಡಬೇಡಿ. ಮೊದಲ ವಾರ ಏನನ್ನೂ ಬದಲಾಯಿಸದೆ, ಈಗ ತಿನ್ನುವುದನ್ನೇ ಬರೆದಿಡಿ. ಪ್ರೋಟೀನ್ 50 ಬರುತ್ತಿದ್ದರೆ ಮುಂದಿನ ಗುರಿ 65. ಅದು ಸಲೀಸಾದ ಮೇಲೆ 80. ಬೆಳಗಿನ ತಿಂಡಿಯಿಂದ ಶುರು ಮಾಡಿ, ಹೆಚ್ಚಿನವರ ಊಟದಲ್ಲಿ ಪ್ರೋಟೀನ್ ಇಲ್ಲದೇ ಹೋಗುವುದು ಅಲ್ಲೇ.

ಪ್ರಶ್ನೆ: ಮೇಡಂ, ಹಾಗಾದರೆ ಕಾರ್ಬ್ ಬಿಡುವುದೇ ಬೇಡವಾ? ನನ್ನ ತಮ್ಮ ಕಾರ್ಬ್ ಪೂರ್ತಿ ಬಿಟ್ಟು ಮೊದಲ ವಾರವೇ 2 ಕೆಜಿ ಇಳಿದ.

ಉತ್ತರ: ಆ 2 ಕೆಜಿಯಲ್ಲಿ ಹೆಚ್ಚಿನದು ನೀರು. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಅನ್ನುವ ರೂಪದಲ್ಲಿ ಸಕ್ಕರೆ ಕೂಡಿಟ್ಟಿರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಬ್ ನಿಲ್ಲಿಸಿದರೆ ಅದು ಖಾಲಿಯಾಗಿ ನೀರೂ ಹೋಗುತ್ತದೆ. ಮತ್ತೆ ಕಾರ್ಬ್ ತಿಂದ ದಿನ ವಾಪಸ್ ಬರುತ್ತದೆ. ಆಗ ಗಾಬರಿಯಾಗಿ ಎಲ್ಲ ಬಿಟ್ಟುಬಿಡುವವರನ್ನು ನೋಡಿದರೆ ಬೇಜಾರಾಗುತ್ತದೆ, ಅವರ ಮೈಗೆ ಕೊಬ್ಬೇನೂ ಸೇರಿರುವುದಿಲ್ಲ.

2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಅರ್ಧದಷ್ಟು ಜನ ಕೊಬ್ಬು ಕಡಿಮೆ ಮಾಡಿದರು, ಉಳಿದವರು ಕಾರ್ಬ್ ಕಡಿಮೆ ಮಾಡಿದರು. ಒಂದು ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 5.3 ಕೆಜಿ, ಎರಡನೆಯದು 6 ಕೆಜಿ ಇಳಿದಿತ್ತು. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಅದಲ್ಲ. 2009ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 811 ಜನರಿಗೆ ನಾಲ್ಕು ಬೇರೆ ಬೇರೆ ಹಂಚಿಕೆ ಕೊಟ್ಟು ಎರಡು ವರ್ಷ ನೋಡಿದರು. ಅಲ್ಲೂ ಹಂಚಿಕೆಯಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ. ಸಲಹೆಯ ಸಭೆಗಳಿಗೆ ತಪ್ಪದೆ ಬಂದವರು ಜಾಸ್ತಿ ಇಳಿದಿದ್ದರು.

ಹಾಗಾಗಿ ನಿಮ್ಮ ತಮ್ಮನಿಗೆ ಕಾರ್ಬ್ ಕಡಿಮೆ ಇರುವ ಊಟ ಹಿತವಾಗಿದ್ದರೆ ಅವರು 100 ಗ್ರಾಂಗೆ ಇಳಿಸಿ ಕೊಬ್ಬು ಸ್ವಲ್ಪ ಹೆಚ್ಚಿಸಿಕೊಳ್ಳಲಿ. ನಿಮಗೆ ಅನ್ನ, ಹಣ್ಣು ಇಲ್ಲದೆ ಊಟ ಆದ ಹಾಗೆ ಅನಿಸುವುದಿಲ್ಲವಾದರೆ ಕಾರ್ಬ್ ಇಟ್ಟುಕೊಳ್ಳಿ. ಇದರಲ್ಲಿ ಸರಿ ತಪ್ಪು ಇಲ್ಲ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕಾರ್ಬ್ ಕಡಿತ ಮಾಡಲೇಬಾರದು. ಕೆಲವು ಔಷಧಿಗಳ ಜೊತೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಇನ್ನು ಕೆಲವುಗಳ ಜೊತೆ ಸಕ್ಕರೆ ಸರಿಯಾಗಿ ಕಂಡರೂ ರಕ್ತದಲ್ಲಿ ಆಮ್ಲ ಏರಿ ಆಸ್ಪತ್ರೆ ಸೇರಬೇಕಾಗಬಹುದು.

ಪ್ರಶ್ನೆ: ನಾನು ಮಾಂಸ, ಮೀನು, ಮೊಟ್ಟೆ ಯಾವುದೂ ತಿನ್ನುವುದಿಲ್ಲ. ಪ್ರೋಟೀನ್ ಸೇರಿಸಲು ಹೋದರೆ ಕಾರ್ಬ್ ಮಿತಿ ದಾಟುತ್ತದೆ. ಏನು ಮಾಡಲಿ?

ಉತ್ತರ: ಮಿತಿಯನ್ನೇ ಬದಲಾಯಿಸಿ. 100 ಗ್ರಾಂ ಒಣ ಕಾಳಿನಲ್ಲಿ 22ರಿಂದ 24 ಗ್ರಾಂ ಪ್ರೋಟೀನ್ ಇದ್ದರೆ, ಜೊತೆಗೆ ಸುಮಾರು 60 ಗ್ರಾಂ ಕಾರ್ಬ್ ಬರುತ್ತದೆ. ಅದನ್ನು ಬೇರ್ಪಡಿಸಲು ಆಗುವುದಿಲ್ಲ. ಆ ಕಾರ್ಬ್‌ನಲ್ಲಿ ನಾರು ಜಾಸ್ತಿ, ಅದಕ್ಕೆ ಹೆದರಬೇಕಾಗಿಲ್ಲ. ಕಾಳು ಹೆಚ್ಚಿಸಿದಷ್ಟು ಧಾನ್ಯ ಕಡಿಮೆ ಮಾಡಿ, ಲೆಕ್ಕ ಕೂಡಿ ಬರುತ್ತದೆ. ಹಾಲು, ನೀರು ಸೋಸಿದ ಗಟ್ಟಿ ಮೊಸರು, ಟೋಫು (ಸೋಯಾ ಹಾಲಿನಿಂದ ಮಾಡಿದ ಪನೀರ್) ಸೇರಿಸಿ. ಸೋಯಾ ಚಂಕ್ಸ್ ಒಣಗಿದ್ದಾಗ 100 ಗ್ರಾಂಗೆ ಸುಮಾರು 50 ಗ್ರಾಂ ಪ್ರೋಟೀನ್ ಕೊಡುತ್ತದೆ. ಬೇಕಿದ್ದರೆ ಪ್ರೋಟೀನ್ ಪುಡಿ ಬಳಸಬಹುದು, ಕಡ್ಡಾಯ ಏನಿಲ್ಲ. ಗುರಿಯನ್ನು ಕೆಜಿಗೆ 1.2ರ ಹತ್ತಿರ ಇಟ್ಟುಕೊಂಡರೂ ಒಳ್ಳೆಯದೇ.

ಕಡಲೆಕಾಯಿ ಬೀಜವನ್ನು ಮಾತ್ರ ಪ್ರೋಟೀನ್ ಪಟ್ಟಿಗೆ ಸೇರಿಸಬೇಡಿ. 100 ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇರುವುದು ನಿಜ. ಆದರೆ ಕೊಬ್ಬು 50 ಗ್ರಾಂ ಹತ್ತಿರ ಇದೆ, ಕ್ಯಾಲೊರಿ 560 ದಾಟುತ್ತದೆ. ಅದು ಒಳ್ಳೆಯ ಆಹಾರ, ಕೊಬ್ಬಿನ ಲೆಕ್ಕದಲ್ಲಿ ಇರಲಿ.

ಪ್ರಶ್ನೆ: ಎಲ್ಲ ತೂಗಿ ಬರೆಯುತ್ತಿದ್ದೇನೆ, ಲೆಕ್ಕದ ಪ್ರಕಾರ 1500 ದಾಟಿಲ್ಲ. ಒಂದೂವರೆ ತಿಂಗಳಾಯಿತು, ತೂಕ ಅಲುಗಾಡಿಲ್ಲ. ಮೆಟಬಾಲಿಸಂ, ಅಂದರೆ ದೇಹ ಶಕ್ತಿ ಖರ್ಚು ಮಾಡುವ ರೀತಿ, ಹಾಳಾಗಿದೆಯಾ?

ಉತ್ತರ: ಅದಕ್ಕೂ ಮೊದಲು ಎರಡು ವಿಷಯ ನೋಡಿ. ಅಕ್ಕಿ, ಕಾಳು ತೂಗುವುದು ಹಸಿಯಾಗಿದ್ದಾಗಲಾ, ಬೇಯಿಸಿದ ಮೇಲಾ? 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್, ಅದೇ 100 ಗ್ರಾಂ ಅನ್ನದಲ್ಲಿ 28. ಅಕ್ಕಿ ತೂಗಿ ಆ್ಯಪ್‌ನಲ್ಲಿ ಅನ್ನ ಅಂತ ಬರೆದರೆ ನಿಜವಾಗಿ ತಿಂದದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಾಳಿನಲ್ಲಿ ತಿರುಗಿಸಿ ಆಗುತ್ತದೆ. ಬೇಯಿಸಿದ ಕಾಳಿನಲ್ಲಿ 100 ಗ್ರಾಂಗೆ 8–9 ಗ್ರಾಂ ಪ್ರೋಟೀನ್ ಅಷ್ಟೇ. ಅದನ್ನು 24 ಅಂತ ಬರೆದು ಗುರಿ ಮುಟ್ಟಿದೆ ಅಂದುಕೊಳ್ಳುವವರು ಬಹಳ.

ಎರಡನೆಯದು ಎಣ್ಣೆ. ಊಟದ ದೊಡ್ಡ ಚಮಚ ಒಂದಕ್ಕೆ 14 ಗ್ರಾಂ ಕೊಬ್ಬು, 120 ಕ್ಯಾಲೊರಿ. ಒಗ್ಗರಣೆಗೆ, ಹುರಿಯಲು, ಮೇಲಿಂದ ಅಂತ ದಿನದಲ್ಲಿ ಮೂರು ಚಮಚ ಬರೆಯದೆ ಬಿಟ್ಟರೆ 360 ಆಯಿತು. ಮೇಲೆ ನಾವು ಇಟ್ಟ ಇಡೀ ದಿನದ ಕಡಿತವೇ 350. ಕೈಯಳತೆಯಲ್ಲಿ ಸುರಿಯುವುದನ್ನು ಬಿಟ್ಟು ಬೆಳಿಗ್ಗೆಯೇ ದಿನದ ಎಣ್ಣೆಯನ್ನು ಒಂದು ಬಟ್ಟಲಿಗೆ ಅಳೆದಿಡಿ. ನಾನು ಹೇಳುವ ಎಲ್ಲ ಬದಲಾವಣೆಗಳಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು.

ಇವೆರಡೂ ಸರಿ ಇದ್ದರೆ, ದಿನಾ ಬೆಳಿಗ್ಗೆ ತೂಕ ನೋಡಿ ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಮುಟ್ಟಿನ ದಿನಗಳ ಆಸುಪಾಸಿನಲ್ಲಿ ನೀರು ನಿಂತು ತೂಕ ಏರುವುದುಂಟು, ಆದ್ದರಿಂದ ನಾಲ್ಕು ವಾರದ ಲೆಕ್ಕ ಹಿಡಿಯಿರಿ. ಆಗಲೂ ಇಳಿಯದಿದ್ದರೆ ಕಾರ್ಬ್ ಅಥವಾ ಕೊಬ್ಬಿನಿಂದ 100–150 ಕ್ಯಾಲೊರಿ ತೆಗೆಯಿರಿ. ಪ್ರೋಟೀನ್ ಮುಟ್ಟಬೇಡಿ. ವಾರಕ್ಕೆ ಎರಡು ಮೂರು ಸಲ ಭಾರ ಎತ್ತುವ ವ್ಯಾಯಾಮ ಇರಲಿ, ಅದಿಲ್ಲದೆ ಪ್ರೋಟೀನ್ ಒಂದೇ ಸ್ನಾಯು ಉಳಿಸಲಾರದು. ತುಂಬಾ ಸುಸ್ತು, ಮುಟ್ಟು ಏರುಪೇರು, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ವಾರದ ದಿನಗಳಲ್ಲಿ ಸರಿಯಾಗಿ ತಿನ್ನುತ್ತೇನೆ. ರಜೆ ದಿನ ಎಲ್ಲ ಮೀರುತ್ತದೆ. ಮಾರನೇ ದಿನ ಉಪವಾಸ ಮಾಡಿ ಸರಿದೂಗಿಸಬಹುದಾ?

ಉತ್ತರ: ಬೇಡ. ಉಪವಾಸದ ಸಂಜೆ ಮತ್ತೆ ಮೀರುತ್ತದೆ. ವಾರದ ಒಟ್ಟು ಲೆಕ್ಕ ಇಟ್ಟುಕೊಳ್ಳಿ. ವಾರಕ್ಕೆ 10,500 ಕ್ಯಾಲೊರಿ ಅಂದರೆ ಐದು ದಿನ 1400, ಎರಡು ದಿನ 1750 ಆಗಬಹುದು. ರಜೆ ದಿನ ಕಾರ್ಬ್, ಕೊಬ್ಬು ಹೆಚ್ಚಾಗಲಿ, ಪ್ರೋಟೀನ್ ಏಳೂ ದಿನ ಒಂದೇ ಇರಲಿ.

ಪ್ರಶ್ನೆ: ಅಪ್ಪನಿಗೆ 61 ವರ್ಷ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಬಂದಿದೆ. ಅವರೂ ಕೆಜಿಗೆ 1.4 ಗ್ರಾಂ ಪ್ರೋಟೀನ್ ಶುರು ಮಾಡಬಹುದಾ?

ಉತ್ತರ: ಇಲ್ಲ, ದಯವಿಟ್ಟು ಶುರು ಮಾಡಿಸಬೇಡಿ. ಕ್ರಿಯಾಟಿನಿನ್ ಅಂದರೆ ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕುವ ತ್ಯಾಜ್ಯ, ಅದು ಜಾಸ್ತಿ ಇದ್ದರೆ ಮೂತ್ರಪಿಂಡದ ಕೆಲಸ ಕುಗ್ಗಿರಬಹುದು. ಮೇಲಿನ ಅಂಕಿಗಳೆಲ್ಲ ಮೂತ್ರಪಿಂಡ ಸರಿಯಾಗಿರುವವರಿಗೆ. ಅದರ ಕೆಲಸ ಕುಗ್ಗಿದ್ದರೆ ಸಾಮಾನ್ಯವಾಗಿ ಕೆಜಿಗೆ 0.8 ಗ್ರಾಂ ಹತ್ತಿರ ನಿಲ್ಲಿಸುತ್ತಾರೆ. ಡಯಾಲಿಸಿಸ್ ಮೇಲಿರುವವರಿಗೆ ಅದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ, ಹಾಗಾಗಿ ಯಾರದೋ ಲೆಕ್ಕ ಇನ್ನೊಬ್ಬರಿಗೆ ಹಾಕುವಂತಿಲ್ಲ. ಮೊದಲು ಡಾಕ್ಟರ್ ಹತ್ತಿರ ಇಜಿಎಫ್‌ಆರ್ (ಮೂತ್ರಪಿಂಡ ರಕ್ತವನ್ನು ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು) ಎಷ್ಟಿದೆ ಅಂತ ಕೇಳಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ. ಆ ಎರಡು ವರದಿ ಮತ್ತು ಅವರ ಮಾತ್ರೆಗಳ ಪಟ್ಟಿ ಕೈಯಲ್ಲಿದ್ದರೆ ಅವರ ಡಾಕ್ಟರ್ ಜೊತೆ ಮಾತಾಡಿ ಗುರಿ ಬರೆದುಕೊಡಬಹುದು. ಅಲ್ಲಿಯವರೆಗೆ ಪ್ರೋಟೀನ್ ಪುಡಿ ನಿಲ್ಲಿಸಿ, ಈಗಿನ ಊಟವನ್ನೇ ಮುಂದುವರಿಸಿ.