ಮಕ್ಳು ಸ್ಕೀ ಕಲಿತ ಬೆಟ್ಟ ದೊಡ್ಡ ಕಂಪನಿ ಕೈಗೆ ಹೋಗ್ತಿದೆ, ಪಾಸ್ ತಗೊಳ್ಳೋದಾ ಬೇಡ್ವಾ?

ಪ್ರಶ್ನೆ:

ಎಲ್ರಿಗೂ ನಮಸ್ಕಾರ. ನಾವಿರೋದು ವಾಷಿಂಗ್ಟನ್ ರಾಜ್ಯದಲ್ಲಿ, ಇಬ್ರು ಮಕ್ಳು, 7 ವರ್ಷ ಮತ್ತೆ 10 ವರ್ಷ. ಮನೆಯಿಂದ ಒಂದೂವರೆ ಗಂಟೆ ದೂರದ ಒಂದು ಸಣ್ಣ ಬೆಟ್ಟದಲ್ಲಿ ಇಬ್ರೂ ಸ್ಕೀ (ಕಾಲಿಗೆ ಪಟ್ಟಿ ಕಟ್ಕೊಂಡು ಸ್ನೋ ಮೇಲೆ ಜಾರೋದು) ಕಲಿತಿದ್ದು. ಚೇರಲ್ಲಿ ಕೂರಿಸಿ ಮೇಲೆ ಕರ್ಕೊಂಡು ಹೋಗೋ ಲಿಫ್ಟು ನಾಲ್ಕೇ, ತುಂಬಾ ವರ್ಷದಿಂದ ಒಂದೇ ಮನೆಯವ್ರು ನಡೆಸ್ಕೊಂಡು ಬಂದಿರೋದು. ಅದನ್ನ ಒಂದು ದೊಡ್ಡ ಕಂಪನಿ ತಗೊಳ್ತಿದೆ ಅಂತ ಹೋದ ವಾರ ಇಮೇಲ್ ಬಂತು. ಮುಂದಿನ ಸೀಸನ್ನಿಂದ ಆ ಕಂಪನಿ ಸೀಸನ್ ಪಾಸ್ (ಒಂದ್ಸಲ ದುಡ್ಡು ಕೊಟ್ರೆ ಇಡೀ ಸೀಸನ್ ಅವ್ರ ಬೆಟ್ಟಗಳಲ್ಲಿ ಸ್ಕೀ ಮಾಡ್ಬಹುದು) ಇದ್ರೆ ಇಲ್ಲೂ ನಡಿಯತ್ತಂತೆ, ಬೆಲೆ ಇನ್ನೆರಡು ವಾರದಲ್ಲಿ ಏರತ್ತೆ ಅಂತಾನೂ ಬರ್ದಿದಾರೆ. ನಮ್ಮನೇಲಿ ದಿನಾ ಇದೇ ಚರ್ಚೆ, ನಮ್ಮೆಜಮಾನ್ರು ತಗೊಂಡ್ಬಿಡೋಣ ಅಂತಾರೆ, ನಂಗೆ ಮನಸ್ಸು ಒಪ್ತಿಲ್ಲ. ನಿಮ್ ಕಡೆ ಬೆಟ್ಟ ಹೀಗೆ ಕೈ ಬದಲಾದಾಗ ಏನಾಯ್ತು, ನೀವೇನ್ ಮಾಡಿದ್ರಿ, ಅನುಭವ ಇದ್ದೋರು ದಯವಿಟ್ಟು ಹೇಳಿ.

ಪೋರ್ಟ್‌ಲ್ಯಾಂಡಿಂದ:

ನಮ್ ಆರೆಗಾನ್‌ನಲ್ಲಿ ಮೌಂಟ್ ಬ್ಯಾಚಲರ್ ಅನ್ನೋ ಸ್ಕೀ ಬೆಟ್ಟಾನ ಅದರ ಮಾಲೀಕರಾದ ಪೌಡರ್ ಅನ್ನೋ ಕಂಪನಿ 2024ರ ಆಗಸ್ಟ್‌ನಲ್ಲಿ ಮಾರಾಟಕ್ಕಿಟ್ಟಾಗ ಹತ್ತಿರದ ಬೆಂಡ್ ಊರಿನವ್ರು ನಾವೇ ಸೇರಿ ಕೊಂಡ್ಕೊಳ್ತೀವಿ ಅಂತ ಗುಂಪು ಕಟ್ಕೊಂಡು ನಿಂತ್ರು. 2025ರ ಮಾರ್ಚ್‌ನಲ್ಲಿ ಕಂಪನಿ ಮಾರಲ್ಲ, ನಾವೇ ಇಟ್ಕೊಳ್ತೀವಿ ಅಂದ್ಬಿಡ್ತು. ಹಂಗಾಗಿ ಇಮೇಲ್ ಬಂತು ಅಂದ ತಕ್ಷಣ ಎಲ್ಲಾ ಮುಗೀತು ಅನ್ಕೋಬೇಡಿ, ಕಾಗದಪತ್ರ ಪೂರ್ತಿ ಆಗೋಕೆ ತಿಂಗಳುಗಟ್ಟಲೆ ಹಿಡಿಯತ್ತೆ.

ಸಿಯಾಟಲ್ ಕಡೆಯಿಂದ:

ಮೇಡಂ, ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನೀವೀಗ ನಿಂತಿರೋ ಜಾಗದಲ್ಲೇ ಕೆಲವು ವರ್ಷದ ಹಿಂದೆ ನಾವೂ ನಿಂತಿದ್ವಿ.

ಮೊದ್ಲು ಇಲ್ಲಿ ಎಲ್ರಿಗೂ ಗೊತ್ತಿರೋ ಸ್ಟೀವನ್ಸ್ ಪಾಸ್ ಅನ್ನೋ ಬೆಟ್ಟದ ವಿಷಯ (ಇಲ್ಲಿ ಪಾಸ್ ಅನ್ನೋದು ಜಾಗದ ಹೆಸರು, ಟಿಕೆಟ್ ಅಲ್ಲ). ತುಂಬಾ ಸ್ಕೀ ಬೆಟ್ಟ ಇಟ್ಕೊಂಡಿರೋ ವೇಲ್ ರೆಸಾರ್ಟ್ಸ್ ಅನ್ನೋ ಕಂಪನಿಯೋರು ಅದನ್ನ 6.7 ಕೋಟಿ ಡಾಲರ್‌ಗೆ ತಗೊಳ್ತೀವಿ ಅಂತ 2018ರಲ್ಲಿ ಪ್ರಕಟಿಸಿದ್ರು. ಅದಕ್ಕೆ ಮುಂಚೆ ಅದೇನು ಯಾವ್ದೋ ಮನೆತನದ ಆಸ್ತಿ ಆಗಿರ್ಲಿಲ್ಲ, 2011ರಿಂದಾನೇ ಹೂಡಿಕೆ ಕಂಪನಿಗಳ ಕೈಲಿತ್ತು, ಇದನ್ನ ಬಹಳ ಜನ ಮರೀತಾರೆ. ಆದ್ರೆ ಆಗ ಯಾರ ಹೆಸರಲ್ಲಿದ್ರೂ ಇವತ್ತು ಯಾವ ಲಿಫ್ಟ್ ಓಡಿಸ್ಬೇಕು ಅನ್ನೋದನ್ನ ಬೆಟ್ಟದ ಮೇಲಿರೋರೇ ನಿರ್ಧಾರ ಮಾಡ್ತಿದ್ರು ಅನ್ನೋ ನಂಬಿಕೆ ಜನಕ್ಕಿತ್ತು. 2021ರಲ್ಲಿ ವೇಲ್ ಕಂಪನಿ ತನ್ನ ಸೀಸನ್ ಪಾಸ್ ಆದ ಎಪಿಕ್ ಪಾಸ್ ಬೆಲೆನ 20% ಇಳಿಸ್ತು, 21 ಲಕ್ಷ ಪಾಸ್ ಮಾರಾಟ ಆಯ್ತು. ಆ ಚಳಿಗಾಲ ಸ್ನೋ ಬಿತ್ತು, ಜನ ಬಂದ್ರು, ಲಿಫ್ಟ್ ನಡೆಸೋಕೆ ಕೆಲಸದವ್ರು ಮಾತ್ರ ಇರ್ಲಿಲ್ಲ. ಬೆಟ್ಟದ ಹಿಂಭಾಗ ಜನವರಿ ಬಂದ್ರೂ ತೆಗೀಲಿಲ್ಲ, ಬೆಳಗಾಗೋದ್ರೊಳಗೆ ಪಾರ್ಕಿಂಗ್ ಭರ್ತಿ, ಓಡ್ತಿದ್ದ ಕೆಲವೇ ಲಿಫ್ಟ್ ಮುಂದೆ ಸಂತೆ ಥರ ಜನ. 40,000ಕ್ಕೂ ಜಾಸ್ತಿ ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದ್ರು. ಆಮೇಲೆ 2022ರ ಜನವರಿಯಲ್ಲಿ ಟಾಮ್ ಫಾರ್ಚೂನ್ ಅನ್ನೋರನ್ನ ಮ್ಯಾನೇಜರ್ ಮಾಡಿ ಕಳಿಸಿದ್ರು, ಅವ್ರು ಹಿಂದೆ ಅದೇ ಬೆಟ್ಟದಲ್ಲಿ ಕೆಲಸ ಮಾಡಿದ್ದೋರು. ನಿಧಾನಕ್ಕೆ ಸರಿ ಹೋಗ್ತಾ ಬಂತು. ಮುಂದಿನ ಸೀಸನ್‌ಗೆ ಕಂಪನಿ ಗಂಟೆಗೆ ಕನಿಷ್ಠ 20 ಡಾಲರ್ ಸಂಬಳ ಅಂತ ಮಾಡ್ತು. ಅಂದ್ರೆ ಜನ ಬಾಯಿ ಬಿಟ್ಟು ಕೇಳಿದ್ರೆ ಆಗತ್ತೆ ಮೇಡಂ, ಆದ್ರೆ ಕೇಳೋಷ್ಟರಲ್ಲಿ ಅರ್ಧ ಸೀಸನ್ ಹೋಗಿರತ್ತೆ.

ಕ್ರಿಸ್ಟಲ್ ಮೌಂಟನ್ ಕೂಡ 2018ರಲ್ಲೇ ಅಲ್ಟೆರಾ ಅನ್ನೋ ಇನ್ನೊಂದು ದೊಡ್ಡ ಕಂಪನಿ ಕೈಗೆ ಹೋಯ್ತು. ಅವ್ರ ಐಕಾನ್ ಪಾಸ್ ಇಟ್ಕೊಂಡೋರು ಎಷ್ಟ್ ಬಂದ್ರು ಅಂದ್ರೆ 2020ರ ಜನವರಿಯಲ್ಲಿ ವೀಕೆಂಡ್ ಕೌಂಟರಲ್ಲಿ ಟಿಕೆಟ್ ಮಾರೋದನ್ನೇ ನಿಲ್ಲಿಸ್ಬೇಕಾಯ್ತು.

ಈಗ ನಮ್ಮನೆ ಕಥೆ. ಬೆಟ್ಟದ ಹೆಸರು ಹೇಳಲ್ಲ. ನನ್ ಮಗಳು ಅಲ್ಲಿ ಕಲಿಯೋವಾಗ ಬಿಗಿನರ್ ಲಿಫ್ಟ್ ಹತ್ರ ಒಬ್ರು ವಯಸ್ಸಾದೋರು ನಿಂತಿರ್ತಿದ್ರು. ಪ್ರತಿ ಚೇರ್ ಬಂದಾಗ್ಲೂ ಪೊರಕೆಯಿಂದ ಅದರ ಮೇಲಿನ ಸ್ನೋ ಗುಡಿಸಿ, ಸಣ್ಣ ಮಗು ಕಂಡ್ರೆ ಗೂಡೊಳಗೆ ಲಿಫ್ಟ್ ಓಡಿಸೋರಿಗೆ ಅಂಗೈ ಕೆಳಗೆ ಮಾಡಿ ತೋರಿಸೋರು, ಲಿಫ್ಟ್ ನಿಧಾನ ಆಗೋದು, ಮಗೂನ ಜಾಕೆಟ್ ಹಿಡಿದು ಕೂರಿಸಿ ಕಳಿಸೋರು. ನನ್ ಮಗಳ ಹೆಸರು ಅವ್ರಿಗೆ ಎರಡನೇ ವಾರಕ್ಕೇ ಗೊತ್ತಿತ್ತು. ಸ್ಕೀ ಮಾಡೋರು ಕೂತು ಸುಧಾರಿಸ್ಕೊಳ್ಳೋ ಲಾಡ್ಜಲ್ಲಿ ಮನೆ ಊಟ ತಂದೋರಿಗೆ ಅಂತ ಉದ್ದ ಟೇಬಲ್, ಮೂಲೆಲಿ ಎರಡು ಮೈಕ್ರೋವೇವ್. ನಾವು ಪುಳಿಯೋಗರೆ ಡಬ್ಬಿ ಬಿಸಿ ಮಾಡ್ತಿದ್ರೆ ಪಕ್ಕದ ಟೇಬಲ್ಲಿನೋರು ವಾಸನೆಗೆ ತಿರುಗಿ ಏನಿದು ಅಂತ ಕೇಳೋರು, ಕೊಟ್ರೆ ತಿನ್ನೋರು. ಕೈ ಬದಲಾದ ಮೊದಲನೇ ಸೀಸನ್‌ನಲ್ಲೇ ಆ ಟೇಬಲ್‌ಗಳ ಜಾಗದಲ್ಲಿ ಕಾಸು ಕೊಟ್ಟು ಕೂರೋ ಕೌಂಟರ್ ಬಂತು, ಮೈಕ್ರೋವೇವ್ ಹೋಯ್ತು. ನಾವು ಕಾರಲ್ಲಿ ಹೀಟರ್ ಹಾಕ್ಕೊಂಡು ಗಾಜೆಲ್ಲಾ ಮಂಜು ಹಿಡಿಸ್ಕೊಂಡು ಊಟ ಮಾಡಿದ್ವಿ. ಆ ಹಿರಿಯರು ಎರಡನೇ ಸೀಸನ್‌ಗೆ ಕಾಣ್ಲಿಲ್ಲ, ಅವ್ರ ಜಾಗದಲ್ಲಿ ಬೇರೆ ರಾಜ್ಯದಿಂದ ಬಂದ ಹುಡುಗ್ರು, ಪಾಪ ಅವ್ರು ಏನ್ ಮಾಡ್ತಾರೆ, ಅವ್ರಿಗೆ ಇರೋಕೆ ಮನೇನೇ ಸಿಕ್ಕಿರ್ಲಿಲ್ಲ, ಅರ್ಧ ಸೀಸನ್‌ಗೆ ಬಿಟ್ಟು ಹೋದ್ರು. ಲಿಫ್ಟ್ ಅದೇ, ಇಳಿಜಾರು ಅದೇ, ಸ್ನೋ ಕೂಡ ಅದೇ.

ಅದಕ್ಕೆ ನಾನು ಹೇಳೋದು ಒಂದೇ, ಬೆಲೆ ನೋಡೋಕೆ ಮುಂಚೆ ಅಲ್ಲಿ ಕೆಲಸ ಮಾಡೋರು ಉಳೀತಾರಾ ನೋಡಿ. ಮುಂದಿನ ಶನಿವಾರ ಹೋದಾಗ ಬೆಟ್ಟದ ಮೇಲೆ ಸುರಕ್ಷತೆ ನೋಡ್ಕೊಳ್ಳೋ ಸ್ಕೀ ಪಟ್ರೋಲ್‌ನವ್ರನ್ನ, ಮಕ್ಳ ಇನ್‌ಸ್ಟ್ರಕ್ಟರ್‌ನ, ರೆಂಟಲ್ ಅಂಗಡಿಲಿ ಬೂಟ್ ಕೊಡೋರನ್ನ ಸುಮ್ನೆ ಮಾತಾಡ್ಸಿ, ಮುಂದಿನ ವರ್ಷ ಇರ್ತೀರಾ ಅಂತ. ಇರ್ತೀವಿ ಅಂದ್ರೆ ಅರ್ಧ ಚಿಂತೆ ಬಿಡಿ. ನೋಡೋಣ ಅಂತ ಮುಖ ತಿರುಗಿಸಿದ್ರೆ ನೀವೂ ನೋಡೋಣ ಅಂತ ಕಾಯಿರಿ.

ಹಾಂ, ಮಾರ್ತಿರೋ ಮನೆಯವ್ರ ಮೇಲೆ ಮಾತ್ರ ಸಿಟ್ಟಾಗ್ಬೇಡಿ. ಸಣ್ಣ ಬೆಟ್ಟಕ್ಕೆ ಕ್ರಿಸ್ಮಸ್ ರಜೇಲಿ ಸ್ನೋ ಬೀಳ್ಲಿಲ್ಲ ಅಂದ್ರೆ ವರ್ಷದ ಸಂಪಾದನೆ ಮುಗೀತು, ಹೊಸ ಹೈಸ್ಪೀಡ್ ಲಿಫ್ಟ್ ಹಾಕೋಕೆ ಕೋಟಿ ಡಾಲರ್ ಹತ್ರ ಹೋಗತ್ತೆ. ದೊಡ್ಡ ಕಂಪನಿಗೆ ಆ ಭಯ ಇಲ್ಲ, ಯಾಕಂದ್ರೆ ಪಾಸ್ ದುಡ್ಡನ್ನ ಸ್ನೋ ಬೀಳೋ ಮುಂಚೇನೇ ನಮ್ ಕೈಯಿಂದ ತಗೊಂಡಿರ್ತಾರೆ, ಒಂದು ಕಡೆ ಬೀಳ್ದಿದ್ರೆ ಇನ್ನೊಂದು ಕಡೆ ಬೀಳತ್ತೆ. ನಮ್ ಅಜ್ಜ ಅಡಿಕೆ ಚೇಣಿ ಕೊಡೋರು, ಫಸಲು ಮರದ ಮೇಲಿರೋವಾಗ್ಲೇ ದುಡ್ಡು ಮಾತಾಡಿ ಮುಗ್ಸೋದು, ಮಳೆ ಕೈ ಕೊಟ್ರೆ ನಷ್ಟ ಹಿಡ್ಕೊಂಡೋನದು. ಇಲ್ಲಿ ಫಸಲು ಹಿಡ್ಕೊಳ್ಳೋರು ನಾವು. ಅದನ್ನ ತಿಳ್ಕೊಂಡು ಕೊಡೋದಾದ್ರೆ ಕೊಡಿ.

ಲೆಕ್ಕ ಹಾಕೋದ್ರಲ್ಲಿ ಒಂದು ತಪ್ಪು ನಾವ್ ಮಾಡಿದ್ವಿ, ನೀವ್ ಮಾಡ್ಬೇಡಿ. 2025-26ಕ್ಕೆ ಎಪಿಕ್ 1,051 ಡಾಲರ್, ಐಕಾನ್ 1,329 ಡಾಲರ್‌ನಿಂದ ಶುರು ಆಯ್ತು. ದೊಡ್ಡ ರೆಸಾರ್ಟ್‌ಗಳಲ್ಲಿ ರಷ್ ಇರೋ ದಿನ ಒಂದು ದಿನದ ಟಿಕೆಟ್ಟೇ 300 ಡಾಲರ್ ದಾಟತ್ತೆ, ಅದನ್ನ ಇಟ್ಕೊಂಡು ನಾಲ್ಕು ದಿನ ಹೋದ್ರೆ ಪಾಸ್ ವಸೂಲಿ ಅಂತ ಎಲ್ರೂ ಹೇಳ್ತಾರೆ. ಆದ್ರೆ ನೀವು ಆ 300 ಡಾಲರ್ ಯಾವತ್ತಾದ್ರೂ ಕೊಟ್ಟಿದ್ರಾ? ನಿಮ್ ಬೆಟ್ಟದಲ್ಲಿ ಇಲ್ಲೀವರೆಗೆ ಒಂದು ದಿನಕ್ಕೆ ಏನ್ ಕೊಡ್ತಿದ್ರೋ ಅದರಿಂದ ಭಾಗಿಸಿ. ಹೋದ ಸೀಸನ್‌ನಲ್ಲಿ ನಿಜವಾಗ್ಲೂ ಎಷ್ಟು ದಿನ ಹೋದ್ರಿ ಅಂತ ಫೋನ್‌ನಲ್ಲಿರೋ ಹಳೇ ಫೋಟೋ ನೋಡಿ ಎಣಿಸಿ. ನಾವು ಹದಿನೈದು ಅಂತ ಅನ್ಕೊಂಡಿದ್ವಿ, ಎಣಿಸಿದ್ರೆ ಆರು.

ಹುಬ್ಬಳ್ಳಿಯಾಂವ, ಈಗ ಡೆನ್ವರದಾಗ:

ಅಕ್ಕಾರ, ನಾ ಸ್ವಲ್ಪ ಬ್ಯಾರೆ ಹೇಳ್ತೀನ್ರಿ. ನಾ ವರ್ಷಕ್ಕ ಇಪ್ಪತ್ತೈದು ದಿನ ಸ್ಕೀ ಮಾಡಾಂವ, ಈ ದೊಡ್ಡ ಪಾಸ್ ಇರ್ಲಿಲ್ಲಂದ್ರ ನನ್ ಪಗಾರದಾಗ ಅದು ಆಗ್ತಿದ್ದಿಲ್ಲ. 2008ರಾಗ ಎಪಿಕ್ ಪಾಸ್ ಬಂದಾಗ 579 ಡಾಲರ್ ಇತ್ತು, ಅದ್ರಿಂದ ಭಾಳ ಮಂದಿಗೆ ಗುಡ್ಡ ಹತ್ರ ಆತು, ಅದನ್ನ ಇಲ್ಲಾ ಅನ್ನಾಕ ಬರಂಗಿಲ್ಲ.

ಆದ್ರ ನಮ್ಮ ಅರಾಪಾಹೋ ಬೇಸಿನ್ ಅನ್ನೂ ಗುಡ್ಡ ನೋಡ್ರಿ. ಪಾರ್ಕಿಂಗ್ ಸಾಲಂಗಿಲ್ಲ, ಗದ್ದಲ ಅತೀ ಆತು ಅಂತ 2019ರಾಗ ಎಪಿಕ್ ಪಾಸ್ ನಡಿಯೂ ಗುಡ್ಡಗಳ ಪಟ್ಟಿ ಬಿಟ್ಟು ಹೊರಗ ಬಂತು. ಖರೇನ ಗದ್ದಲ ಕಡಿಮಿ ಆತು. ಮೇ ತಿಂಗಳದಾಗ ಲಿಫ್ಟ್ ಬಾಜೂಕ ಪಾರ್ಕಿಂಗಿನ್ಯಾಗ ಖುರ್ಚಿ ಹಾಕ್ಕೊಂಡು, ಒಲಿ ಹಚ್ಚಿ, ಹುಡುಗ್ರ ಜೋಡಿ ಇಡೀ ದಿನ ಕೂಡೂದ್ರಿ, ಆ ಜಾಗಕ್ಕ ಬೀಚ್ ಅಂತಾರ. ಅಂಥಾ ಗುಡ್ಡನೂ 2024ರಾಗ ಅಲ್ಟೆರಾ ಕೈಗೆ ಹೋತು. ಮನಸ್ಸಿಗೆ ಭಾಳ ಕೆಟ್ಟ ಅನಿಸ್ತು.

ಮ್ಯಾಲೆ ಅವ್ರು ಕೆಲಸದವ್ರ ಬಗ್ಗೆ ಹೇಳ್ಯಾರಲ್ಲ, ಅದು ನೂರಕ್ಕ ನೂರು ಖರೆ. ಯೂಟಾದ ಪಾರ್ಕ್ ಸಿಟಿಯೊಳಗ 2024ರ ಡಿಸೆಂಬರ್ 27ಕ್ಕ ಸ್ಕೀ ಪಟ್ರೋಲ್‌ನವ್ರು ಮುಷ್ಕರ ಹೂಡಿದ್ರು, ಜನವರಿ 8ಕ್ಕ ಮುಗೀತು. ಶುರುವಿನ ಪಗಾರ ತಾಸಿಗೆ 21 ಇದ್ದದ್ದು 23 ಡಾಲರ್ ಆತು. ರಜಾದ ಟೈಮು, ಮಂದಿ ರೊಕ್ಕ ಕೊಟ್ಟು ಬಂದು ಲಿಫ್ಟ್ ಸಾಲಿನ್ಯಾಗ ತಾಸುಗಟ್ಟಲೆ ನಿಂತಿದ್ರು, ಆದ್ರೂ ಅವ್ರು ಬೈದದ್ದು ಪಟ್ರೋಲ್‌ನವ್ರಿಗಲ್ಲ, ಕೆಲಸದವ್ರಿಗೆ ಪಗಾರ ಕೊಡ್ರಿ ಅಂತ ಸಾಲಿನ್ಯಾಗ ನಿಂತ ಒದರಿದ್ರು. ಹಿಮಕುಸಿತದ ಅಪಾಯ ನೋಡೂದು, ಮುರಿದ ಕಾಲ ಕಟ್ಟಿ ಕೆಳಗ ಒಯ್ಯೂದು ಅವ್ರ ಕೆಲಸ. ನಿಮ್ ಸಣ್ಣ ಹುಡುಗ್ರನ್ನ ಕರ್ಕೊಂಡ್ ಹೋಗೂ ಮುಂದ ಮೊದಲ ಅದನ್ನ ಕೇಳ್ರಿ.

ಬಾಸ್ಟನ್ ಹತ್ತಿರದಿಂದ:

ಒಳ್ಳೇದೂ ಆಗತ್ತೆ ಅಂತ ಹೇಳೋಕೆ ಬಂದೆ. ನ್ಯೂ ಹ್ಯಾಂಪ್‌ಶೈರ್‌ನ ಅಟಿಟಾಶ್ ಅನ್ನೋ ಬೆಟ್ಟದಲ್ಲಿ ತುದೀವರೆಗೆ ಹೋಗೋ ಹಳೇ ಲಿಫ್ಟ್ ಎಷ್ಟ್ ನಿಧಾನ ಅಂದ್ರೆ ಮೇಲೆ ಹೋಗೋಷ್ಟರಲ್ಲಿ ಬೆರಳು ಮರಗಟ್ಟೋದು. 2019ರಲ್ಲಿ ವೇಲ್‌ನವ್ರು ಪೀಕ್ ರೆಸಾರ್ಟ್ಸ್ ಅನ್ನೋ ಕಂಪನಿಯ 17 ಬೆಟ್ಟ ಒಟ್ಟಿಗೇ ಕೊಂಡಾಗ ಇದೂ ಹೋಯ್ತು, ಮೊದ್ಲು ಜನ ಚೆನ್ನಾಗಿ ಬೈಕೊಂಡ್ರು, ಆದ್ರೆ 2023ರಲ್ಲಿ ಆ ಲಿಫ್ಟ್ ತೆಗ್ದು ಹೊಸ ಹೈಸ್ಪೀಡ್ ಹಾಕಿದ್ರು. ಹಳೇ ಮಾಲೀಕರಿಂದ ಆಗ್ದಿದ್ದ ಕೆಲಸ.

ಹಾಗಂತ ಕಂಪನಿ ಬಿಟ್ರೆ ಬೇರೆ ದಾರಿ ಇಲ್ಲ ಅಂತಲ್ಲ. ವರ್ಮಾಂಟ್‌ನಲ್ಲಿ ಮ್ಯಾಡ್ ರಿವರ್ ಗ್ಲೆನ್ ಅಂತ ಇದೆ, ಬೆಟ್ಸಿ ಪ್ರ್ಯಾಟ್ ಅನ್ನೋ ಮಾಲೀಕರು 1995ರಲ್ಲಿ ಅದನ್ನ ಸ್ಕೀ ಮಾಡೋ ಜನಕ್ಕೇ ಮಾರಿದ್ರು, ಷೇರು ಹಾಕಿ ಸಹಕಾರ ಸಂಘ ಮಾಡ್ಕೊಂಡು ಇವತ್ತಿಗೂ ಅವ್ರೇ ನಡೆಸ್ತಿದಾರೆ. ನಮ್ ಮಂಡ್ಯದ ಕಡೆ ಹಾಲಿನ ಡೇರಿ ಹೇಗೋ ಹಾಗೆ, ಹಾಲು ಹಾಕೋರೇ ಸದಸ್ಯರು, ಅವ್ರೇ ಓಟ್ ಹಾಕೋದು. 1948ರ ಒಬ್ಬೊಬ್ರೇ ಕೂರೋ ಲಿಫ್ಟ್ ಇತ್ತು, ಹಳೇದಾಯ್ತು ಅಂದಾಗ ದೊಡ್ಡದು ಹಾಕೋಣ ಅನ್ಲಿಲ್ಲ, ಜಾಸ್ತಿ ಜನ ಮೇಲೆ ಹೋದ್ರೆ ಇಳಿಜಾರು ತುಂಬಿ ಹೋಗತ್ತೆ ಅಂತ 2007ರಲ್ಲಿ ಅದನ್ನೇ ರಿಪೇರಿ ಮಾಡಿ ಒಬ್ಬೊಬ್ರೇ ಕೂರೋ ಹಾಗೇ ಉಳಿಸ್ಕೊಂಡ್ರು. ನಾನು ಆ ಚೇರ್‌ನಲ್ಲಿ ಕೂತು ಹೋಗಿದೀನಿ, ಅಕ್ಕಪಕ್ಕ ಯಾರೂ ಇಲ್ಲ, ಮರದ ಮೇಲಿಂದ ಸ್ನೋ ಜಾರೋ ಸದ್ದು ಕೇಳತ್ತೆ. ಕಿಲ್ಲಿಂಗ್ಟನ್ ಅಂಥ ದೊಡ್ಡ ಬೆಟ್ಟ ಕೂಡ 2024ರಲ್ಲಿ ಪೌಡರ್ ಕಂಪನಿಯಿಂದ ವಾಪಸ್ ಅಲ್ಲೇ ಸ್ಕೀ ಮಾಡ್ಕೊಂಡಿದ್ದ ಹೂಡಿಕೆದಾರರ ಕೈಗೆ ಬಂತು.

ನಿಮಗೆ ಹತ್ತಿರದಲ್ಲಿ ಬೇರೆ ಸಣ್ಣ ಬೆಟ್ಟ ಇದ್ರೆ ಇಂಡಿ ಪಾಸ್ ಕೂಡ ನೋಡಿ, 2019ರಿಂದ ಇದೆ, ಅದಕ್ಕೆ ಸೇರಿರೋ ಸ್ವತಂತ್ರ ಬೆಟ್ಟಗಳಲ್ಲಿ ತಲಾ ಎರಡು ದಿನ ಹೋಗ್ಬಹುದು.

ಪ್ರಶ್ನೆ ಕೇಳಿದವರು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಫೋಟೋ ಎಣಿಸಿದ್ವಿ, ಒಂಬತ್ತು ದಿನ, ಅದ್ರಲ್ಲಿ ಎಂಟು ದಿನ ಮಕ್ಳ ಭಾನುವಾರದ ಕ್ಲಾಸ್. ಹಳೇ ಬೆಲೆಲಿ ಲೆಕ್ಕ ಹಾಕಿದ್ರೆ ನಮಗೆ ದೊಡ್ಡ ಪಾಸ್ ಹೊಂದಲ್ಲ. ಆದ್ರೆ ಕ್ಲಾಸ್ ಬಿಡಿಸೋಕೆ ಮನಸ್ಸಿಲ್ಲ, ಚಿಕ್ಕೋನು ಅವನ ಟೀಚರ್ ಬಿಟ್ರೆ ಬೇರೆಯವ್ರ ಹತ್ರ ಹೋಗಲ್ಲ. ಏನ್ ಮಾಡ್ಲಿ?

ಸಿಯಾಟಲ್ ಕಡೆಯಿಂದ:

ಹಂಗಾದ್ರೆ ಪಾಸ್ ಬೆಲೆ ಏರತ್ತೆ ಅನ್ನೋ ಎರಡು ವಾರದ ಗಡುವಿಗೆ ಹೆದರ್ಬೇಡಿ, ಆ ಗಡುವು ಶರತ್ಕಾಲದವರೆಗೂ ಮೂರ್ನಾಲ್ಕು ಸಲ ಬರತ್ತೆ, ಪ್ರತಿ ಸಲ ಏರೋದು ಹತ್ತಾರು ಡಾಲರ್ ಅಷ್ಟೇ, ಮಾರಾಟ ನಿಲ್ಲೋದು ಡಿಸೆಂಬರ್ ಶುರುವಿಗೆ. ಕ್ಲಾಸ್ ಸೀಟ್ ಮಾತ್ರ ಬೇಗ ತುಂಬತ್ತೆ, ಬುಕಿಂಗ್ ತೆಗೆದ ದಿನವೇ ಹಾಕಿ. ಈಗ್ಲೇ ಆ ಟೀಚರ್‌ನ ಕೇಳಿ ಮುಂದಿನ ವರ್ಷ ಇದೇ ಬೆಟ್ಟದಲ್ಲಿರ್ತಾರಾ ಅಂತ, ಬೇರೆ ಕಡೆ ಹೋಗ್ತೀನಿ ಅಂದ್ರೆ ಎಲ್ಲಿಗೆ ಅಂತಾನೂ ಕೇಳಿ. ನಾವು ಹಂಗೇ ಮಾಡಿದ್ವಿ, ನಮ್ ಮಗಳ ಟೀಚರ್ ನಲವತ್ತು ನಿಮಿಷ ಜಾಸ್ತಿ ದೂರದ ಇನ್ನೊಂದು ಬೆಟ್ಟಕ್ಕೆ ಹೋದ್ರು, ನಾವೂ ಹಿಂದೇನೇ ಹೋದ್ವಿ. ಅಲ್ಲಿ ಮೈಕ್ರೋವೇವ್ ಒಂದೇ ಇದೆ, ಸಾಲು ಉದ್ದ ಇರತ್ತೆ, ಹನ್ನೊಂದೂವರೆಗೇ ಹೋಗಿ ನಿಂತ್ಕೋಬೇಕು.

ಇನ್ನೊಂದು, ನಿಮ್ ಬೆಟ್ಟದ ಜಮೀನು ನ್ಯಾಷನಲ್ ಫಾರೆಸ್ಟ್ ಒಳಗಿದ್ಯಾ ನೋಡ್ಕೊಳ್ಳಿ, ಈ ಕಡೆ ಬಹಳಷ್ಟು ಬೆಟ್ಟ ಹಂಗೇ. ಜಮೀನು ಸರ್ಕಾರದ್ದು, ಕಂಪನಿಗಿರೋದು ಪರ್ಮಿಟ್ ಮಾತ್ರ, ಮಾಲೀಕರು ಬದಲಾದ್ರೆ ಹೊಸಬರು ಹೊಸ ಪರ್ಮಿಟ್ ತಗೋಬೇಕು. ಹಂಗಿದ್ರೆ ಫಾರೆಸ್ಟ್ ಸರ್ವೀಸ್‌ನ ಡಿಸ್ಟ್ರಿಕ್ಟ್ ಆಫೀಸ್‌ಗೆ ಒಂದು ಪತ್ರ ಹಾಕಿ, ಮಕ್ಳ ಕ್ಲಾಸ್, ಪಾರ್ಕಿಂಗ್, ಮನೆ ಊಟದ ಟೇಬಲ್ ಎಲ್ಲಾ ಬರೀರಿ. ಬರೆದಿದ್ದನ್ನ ಇಲ್ಲೂ ಹಾಕಿ, ನಾವೂ ನೋಡ್ಕೊಂಡು ಕಳಿಸ್ತೀವಿ.